ಹುಣಸೆಯ ಕೆಲಸ ಹುಣಸೆಗೆ, ಬೂದಿಯ ಕೆಲಸ ಬೂದಿಗೆ

ಮನೆಯಲ್ಲಿರುವ ಎಲೆಕ್ಟ್ರಿಕ್ ಕಾಫಿ ಸಾಧನಗಳನ್ನು ತೊಳೆದು ಕಾಪಾಡಿಕೊಳ್ಳುವ ಬಗ್ಗೆ ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಕೆಲಸ ಶುರು ಮಾಡಿಬಿಡೋಣ. ಮುಂದಿನ ಸಾಲಿನಲ್ಲಿ ಕೂತಿರುವ ಅಮ್ಮ ತಮ್ಮ ಮನೆಯ ಎಲೆಕ್ಟ್ರಿಕ್ ಕೆಟಲ್ ತಂದಿದ್ದಾರೆ. ಒಳಗೆ ಬಗ್ಗಿ ನೋಡಿ. ಸ್ಟೀಲಿನ ತಳ ಕಾಣುತ್ತಿಲ್ಲ. ಬಿಳಿ ಪೊರೆ ಗಟ್ಟಿಯಾಗಿ ಕೂತಿದೆ. ಅಂಚಿನಲ್ಲಿ ಒಂದು ಕಂದು ಉಂಗುರ ಇದೆ. ಅದರ ಮೇಲೂ ಒಂದು ಕಣ್ಣಿರಲಿ, ಆಮೇಲೆ ಬೇಕಾಗುತ್ತದೆ.

ಇದಕ್ಕೆ ಒಂದು ಲೀಟರ್ ಬೆಚ್ಚಗಿನ ನೀರು ಹಾಕುತ್ತೇನೆ. ನಾಲ್ಕು ಟೀ ಚಮಚ ನಿಂಬೆ ಉಪ್ಪು ಹಾಕುತ್ತೇನೆ, ಸುಮಾರು 20 ಗ್ರಾಂ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಅದೇ ನಿಂಬೆ ಉಪ್ಪು. ಪ್ಯಾಕೆಟ್ಟಿನ ಮೇಲೆ ಸಿಟ್ರಿಕ್ ಆಸಿಡ್ ಅಂತ ಇರುತ್ತದೆ. ನೋಡಿ, ಆಗಲೇ ಸಣ್ಣ ಸಣ್ಣ ಗುಳ್ಳೆ ಏಳುತ್ತಿವೆ. ಇದನ್ನು ಹೀಗೇ ಬಿಡೋಣ. ಸ್ವಿಚ್ ಹಾಕುವುದಿಲ್ಲ. ಮಾತು ಮುಗಿಯುವ ಹೊತ್ತಿಗೆ ನೋಡೋಣ.

ನಮ್ಮ ಅಜ್ಜಿ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಎರಡು ಚಿಪ್ಪು ಇಟ್ಟಿರುತ್ತಿದ್ದರು. ಒಂದರಲ್ಲಿ ಒಲೆಯ ಬೂದಿ, ಇನ್ನೊಂದರಲ್ಲಿ ಹಿಂಡಿ ಉಳಿದ ಹುಣಸೆಹಣ್ಣು. ಒಗ್ಗರಣೆ ಸೌಟು, ತುಪ್ಪದ ಗಿಂಡಿ, ಜಿಡ್ಡಿನ ಪಾತ್ರೆ ಎಲ್ಲ ಬೂದಿಗೆ. ಹಿತ್ತಾಳೆ ಫಿಲ್ಟರಿನ ಕಿಲುಬು, ತಾಮ್ರದ ಹಂಡೆಯ ಕಲೆ ಎಲ್ಲ ಹುಣಸೆಗೆ. ಎರಡನ್ನೂ ಒಟ್ಟಿಗೆ ಕಲಸಿದ್ದನ್ನು ನಾನು ನೋಡಿಲ್ಲ. ಒಂದರ ಕೆಲಸವನ್ನು ಇನ್ನೊಂದಕ್ಕೆ ಕೊಟ್ಟಿದ್ದನ್ನೂ ನೋಡಿಲ್ಲ. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದು ಕ್ಷಾರ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ಇರುತ್ತದೆ. ಎಣ್ಣೆ ಜಿಡ್ಡನ್ನು ಕ್ಷಾರ ಬಿಡಿಸುತ್ತದೆ. ಸುಣ್ಣ, ಕಿಲುಬನ್ನು ಹುಳಿ ಕರಗಿಸುತ್ತದೆ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಕಾಫಿ ಯಂತ್ರದ ಒಳಗೆ ಎರಡು ಬೇರೆ ಬೇರೆ ಕೊಳೆ ಕೂರುತ್ತವೆ. ನೀರಿನಿಂದ ಬರುವುದು ಕಲ್ಲು. ಕಾಫಿಯಿಂದ ಬರುವುದು ಜಿಡ್ಡು. ಒಂದಕ್ಕೆ ಹುಣಸೆಯ ದಾರಿ, ಇನ್ನೊಂದಕ್ಕೆ ಬೂದಿಯ ದಾರಿ. ವಿನಿಗರ್ ಹಾಕಿ ಹಾಕಿ ಸಾಕಾಯಿತು, ಕಾಫಿ ಇನ್ನೂ ಮುಗ್ಗಲು ವಾಸನೆ ಬರುತ್ತದೆ ಅಂತ ಎಷ್ಟೋ ಜನ ನನಗೆ ಹೇಳಿದ್ದಾರೆ. ಅವರು ಜಿಡ್ಡಿಗೆ ಹುಳಿ ಹಾಕುತ್ತಿದ್ದರು.

ಮೊದಲು ಕಲ್ಲಿನ ವಿಷಯ. ಬೆಂಗಳೂರಿನಲ್ಲಿ ಕೂತು ಇದನ್ನು ಬಿಟ್ಟು ಮಾತಾಡುವುದಕ್ಕೆ ಆಗುವುದಿಲ್ಲ.

ಈ ಊರಿನಲ್ಲಿ ಒಂದೇ ನೀರು ಇಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರ ಏರಿ ಬರುವ ಕಾವೇರಿ ಇದೆ. ಆ ನೀರು ಅಷ್ಟೇನೂ ಗಡಸಲ್ಲ. ಬೋರ್‌ವೆಲ್ ನೀರಿನ ಕಥೆ ಬೇರೆ. ಲಾಲ್‌ಬಾಗ್ ಬಂಡೆ ಎಲ್ಲರೂ ಹತ್ತಿದ್ದೀರಿ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು. ನಮ್ಮ ಕಾಲ ಕೆಳಗೆ ಹರಡಿರುವುದೂ ಆ ಜಾತಿಯ ಬಂಡೆಯೇ. ಮಳೆ ನೀರು ಅದರ ಬಿರುಕುಗಳಲ್ಲಿ ವರ್ಷಗಟ್ಟಲೆ ಇಳಿಯುತ್ತಾ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ಅದನ್ನೇ ನಾವು ಗಡಸು ನೀರು ಅನ್ನುತ್ತೇವೆ. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ ಅನ್ನುವುದು ಇದಕ್ಕೇ.

ಕುಡಿಯುವ ನೀರಿನ ಭಾರತೀಯ ಮಾನದಂಡ, ಐಎಸ್ 10500, ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಬೇರೆ ನೀರೇ ಇಲ್ಲ ಅಂದರೆ 600ರವರೆಗೆ ಒಪ್ಪುತ್ತದೆ. 600 ಇರುವ ನೀರನ್ನು ಮನುಷ್ಯರು ಕುಡಿಯಬಹುದು. ಕಾಫಿ ಯಂತ್ರ ತಡೆದುಕೊಳ್ಳುವುದಿಲ್ಲ.

ಕಲ್ಲು ಕೂರುವ ಬಗೆ ಹೀಗೆ. ನೀರಿನಲ್ಲಿ ಕರಗಿರುವುದು ಕ್ಯಾಲ್ಸಿಯಂ ಬೈಕಾರ್ಬೊನೇಟ್. ಕಾಯಿಸಿದಾಗ ಅದು ಒಡೆಯುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಉಳಿಯುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು. ಅದು ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಕೂರುತ್ತದೆ, ನೇರವಾಗಿ ಕಾಯಿಲ್ ಮೇಲೆ. ಸಣ್ಣ ಲೆಕ್ಕ ಹಾಕೋಣ. ಲೀಟರಿಗೆ 300 ಮಿಲಿಗ್ರಾಂ ಗಡಸುತನ ಇದೆ ಅಂದುಕೊಳ್ಳಿ. ದಿನಕ್ಕೆ ಎರಡು ಲೀಟರ್ ಕಾಯಿಸುತ್ತೀರಿ. ತಿಂಗಳಿಗೆ 18 ಗ್ರಾಂ. ಎಲ್ಲವೂ ಕಲ್ಲಾಗುವುದಿಲ್ಲ, ಅರ್ಧ ಆಯಿತು ಅನ್ನಿ. 9 ಗ್ರಾಂ. ಒಂದೇ ತಿಂಗಳಿಗೆ ಹೆಚ್ಚುಕಮ್ಮಿ ಎರಡು ಚಮಚ ಸುಣ್ಣ ನಿಮ್ಮ ಕೆಟಲ್ಲಿನ ತಳಕ್ಕೆ ಅಂಟಿರುತ್ತದೆ.

ಕಾಯಿಲ್ ಒಳಗೆ ಏನಿದೆ ಗೊತ್ತಿರಲಿ. ನಡುವೆ ನೈಕ್ರೋಮ್ ತಂತಿ. ಅದರ ಸುತ್ತ ಬಿಳಿ ಪುಡಿ, ಮೆಗ್ನೀಸಿಯಂ ಆಕ್ಸೈಡ್, ಒತ್ತಿ ತುಂಬಿರುತ್ತಾರೆ. ಹೊರಗೆ ಸ್ಟೀಲ್ ಕೊಳವೆ. ಈ ಪುಡಿ ಶಾಖವನ್ನು ಬಿಡುತ್ತದೆ, ಕರೆಂಟನ್ನು ತಡೆಯುತ್ತದೆ. ಸುಣ್ಣದ ಕಲ್ಲು ಶಾಖವನ್ನು ಸರಿಯಾಗಿ ಬಿಡುವುದಿಲ್ಲ. ಒಳಗಿನ ತಂತಿ ಕಾಯುತ್ತಲೇ ಇರುತ್ತದೆ, ಶಾಖ ನೀರಿಗೆ ಹೋಗುವುದಿಲ್ಲ. ಒಂದೋ ಅತಿಯಾಗಿ ಕಾದರೆ ಕರೆಂಟು ಕಡಿಯುವ ಥರ್ಮಲ್ ಫ್ಯೂಸ್ ಹೋಗುತ್ತದೆ, ಇಲ್ಲವೇ ಕೊಳವೆಯೇ ಬಿರಿಯುತ್ತದೆ. ಬಿರಿದರೆ ನೀರು ಒಳಗೆ ಹೋಗಿ ಆ ಪುಡಿ ಒದ್ದೆಯಾಗುತ್ತದೆ. ಆಗ ಕರೆಂಟು ಸ್ಟೀಲ್ ಮೈಗೆ ಬರುತ್ತದೆ.

ಇದು ನಮ್ಮ ಮನೆಯಲ್ಲೇ ಆಯಿತು. 2024ರ ಬೇಸಿಗೆ ನೆನಪಿದೆ ಅಲ್ವಾ? ನಮ್ಮ ಅಪಾರ್ಟ್‌ಮೆಂಟಿನ ಬೋರ್ ಬತ್ತಿತು. ದಿನಕ್ಕೆ ಎರಡು ಟ್ಯಾಂಕರ್ ತರಿಸುತ್ತಿದ್ದರು. ಯಾವ ಊರಿನ ಬೋರ್ ನೀರೋ ಯಾರಿಗೂ ಗೊತ್ತಿಲ್ಲ. ಅಡುಗೆಮನೆಯ ಶೋಧಕ ಕೆಟ್ಟಿತ್ತು, ರಿಪೇರಿಯವರು ನಾಳೆ ಬರುತ್ತೇವೆ ಅನ್ನುತ್ತಾ ಎರಡು ತಿಂಗಳು ತಳ್ಳಿದರು. ನಾನು ಆ ನೀರನ್ನೇ ಸೋಸಿ ಕಾಫಿ ಯಂತ್ರಕ್ಕೆ ಹಾಕುತ್ತಿದ್ದೆ. ಮೊದಲು ಯಂತ್ರದ ಸದ್ದು ಬದಲಾಯಿತು. ಸೊಯ್ ಅನ್ನುತ್ತಿದ್ದದ್ದು ಗೊರಗೊರ ಅನ್ನತೊಡಗಿತು. ಐದು ನಿಮಿಷದಲ್ಲಿ ಇಳಿಯುತ್ತಿದ್ದ ಡಿಕಾಕ್ಷನ್‌ಗೆ ಹತ್ತು ನಿಮಿಷ ಬೇಕಾಯಿತು. ಒಂದು ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ಮನೆಯ ಕರೆಂಟೆಲ್ಲ ಹೋಯಿತು. ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್, ಟ್ರಿಪ್ ಆಗಿತ್ತು. ಮತ್ತೆ ಹಾಕಿದೆ, ಮತ್ತೆ ಹೋಯಿತು. ಕಾಯಿಲ್ ಬಿರಿದಿತ್ತು. ಆ ಆರ್‌ಸಿಸಿಬಿ ಇರದಿದ್ದರೆ ಯಂತ್ರದ ಸ್ಟೀಲ್ ಮೈ ಮುಟ್ಟಿದವರ ಗತಿ ಏನು? ಬೆಳಿಗ್ಗೆ ಮೊದಲು ಅದನ್ನು ಮುಟ್ಟುವುದು ನನ್ನ ಅಮ್ಮ. ಆ ದಿನದಿಂದ ನಾನು ಇದನ್ನು ಸುಮ್ನೆ ಕಾಫಿ ರುಚಿಯ ವಿಷಯ ಅಂದುಕೊಂಡಿಲ್ಲ.

ಆದ್ದರಿಂದ ಒಂದು ಮಾತು. ಫ್ಯೂಸ್ ಬೋರ್ಡಿನಲ್ಲಿ ಎಂಸಿಬಿ ಇದೆ, ಅದು ಸಾಕು ಅಂದುಕೊಳ್ಳಬೇಡಿ. ಎಂಸಿಬಿ ವೈರನ್ನು ಕಾಪಾಡುತ್ತದೆ, ಲೋಡ್ ಜಾಸ್ತಿಯಾದರೆ ಬೀಳುತ್ತದೆ. ಮನುಷ್ಯರನ್ನು ಕಾಪಾಡುವುದು 30 ಮಿಲಿಆಂಪಿಯರ್ ಆರ್‌ಸಿಸಿಬಿ. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ. ಇವತ್ತು ಮನೆಗೆ ಹೋಗಿ ಒತ್ತಿ ನೋಡಿ. ಬೀಳದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಈ ಬಡಾವಣೆಯ ಹಳೆಯ ಮನೆಗಳಲ್ಲಿ ಅರ್ಥಿಂಗ್ ಇಲ್ಲದ ಪಾಯಿಂಟುಗಳು ಇನ್ನೂ ಇವೆ. ಯಂತ್ರ ಮುಟ್ಟಿದಾಗ ಬೆರಳಿಗೆ ಜುಂ ಅಂದರೆ, ಚಪ್ಪಲಿ ಹಾಕಿಕೊಂಡು ಮುಟ್ಟುವುದು ಪರಿಹಾರ ಅಲ್ಲ. ಅಲ್ಲಿಗೇ ನಿಲ್ಲಿಸಬೇಕು. 1500 ವ್ಯಾಟ್ ಕೆಟಲ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಅದನ್ನು ಹಾಕಬೇಡಿ.

ಹಿಂದಿನಿಂದ ಒಬ್ಬರು ಕೇಳಿದರು, "ನಾವು ಆರ್‌ಒ ನೀರು ಹಾಕುತ್ತೇವೆ, ನಮಗೆ ಈ ತೊಂದರೆ ಇಲ್ಲ ಅಲ್ವಾ?"

ಕಲ್ಲಿನ ತೊಂದರೆ ಕಡಿಮೆ, ನಿಜ. ಆದರೆ ತೀರಾ ಏನೂ ಇಲ್ಲದ ನೀರಿನಲ್ಲಿ ಕಾಫಿ ಸಪ್ಪೆಯಾಗುತ್ತದೆ. ಬೀಜದಿಂದ ರುಚಿ ಎಳೆಯುವುದಕ್ಕೆ ನೀರಿನಲ್ಲಿ ಸ್ವಲ್ಪ ಖನಿಜ ಬೇಕು. ಬಾಯ್ಲರ್ ಇರುವ ಕೆಲವು ಎಸ್ಪ್ರೆಸೊ ಯಂತ್ರಗಳಲ್ಲಿ ನೀರಿನ ಮಟ್ಟ ತಿಳಿಯುವ ಕಡ್ಡಿ ನೀರಿನಲ್ಲಿ ಹರಿಯುವ ಕರೆಂಟನ್ನು ನಂಬಿಕೊಂಡಿರುತ್ತದೆ. ನೀರು ತೀರಾ ಶುದ್ಧವಾದರೆ ಅದಕ್ಕೆ ನೀರಿರುವುದೇ ತಿಳಿಯುವುದಿಲ್ಲ. ಟಿಡಿಎಸ್, ಅಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವುದೆಲ್ಲದರ ಮಿಲಿಗ್ರಾಂ ಲೆಕ್ಕ, ಸುಮಾರು 150 ಇದ್ದರೆ ಕಾಫಿಗೂ ಯಂತ್ರಕ್ಕೂ ಒಳ್ಳೆಯದು. ನಾನು ಆರ್‌ಒ ನೀರಿಗೆ ಸ್ವಲ್ಪ ಕಾವೇರಿ ನೀರು ಬೆರೆಸುತ್ತೇನೆ. ಇನ್ನೊಂದು ವಿಷಯ, ಪೆನ್ನಿನ ಥರ ಇರುವ ಟಿಡಿಎಸ್ ಮೀಟರ್ ಗಡಸುತನ ತೋರಿಸುವುದಿಲ್ಲ. ಕರಗಿರುವುದೆಲ್ಲವನ್ನೂ ಒಟ್ಟು ಮಾಡಿ ಹೇಳುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದ್ದರೆ ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದಿರುತ್ತದೆ. ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಆದರೆ ಕಲ್ಲು ಕೂರುವುದಿಲ್ಲ. ಗಡಸುತನಕ್ಕೆ ಬೇರೆ ಕಿಟ್ ಸಿಗುತ್ತದೆ, ಹನಿ ಹನಿ ಹಾಕಿ ಬಣ್ಣ ಬದಲಾಗುವುದನ್ನು ಎಣಿಸುವುದು. ಒಂದು ಸಲ ತಂದು ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನೋಡಿ. ಸಂಪಿನ ನೀರು ಋತುವಿಗೆ ತಕ್ಕಂತೆ ಬದಲಾಗುತ್ತದೆ.

ಈಗ ಕಲ್ಲು ಕರಗಿಸುವುದು. ನಿಂಬೆ ಉಪ್ಪು ನನಗೆ ಎಲ್ಲಕ್ಕಿಂತ ಇಷ್ಟ. ವಿನಿಗರ್ ಕೆಲಸ ಮಾಡುತ್ತದೆ, ಆದರೆ ಅದರ ವಾಸನೆ ರಬ್ಬರ್ ಗ್ಯಾಸ್ಕೆಟ್ಟಿಗೆ ಹಿಡಿದರೆ ವಾರಗಟ್ಟಲೆ ಹೋಗುವುದಿಲ್ಲ. ಹುಣಸೆಹಣ್ಣು ಹಿತ್ತಾಳೆ ಫಿಲ್ಟರಿಗೆ ಸರಿ, ಯಂತ್ರದೊಳಗೆ ಬೇಡ. ಅದರ ನಾರು ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಹೇಳಿದ 9 ಗ್ರಾಂ ಕಲ್ಲಿಗೆ ಸುಮಾರು 12 ಗ್ರಾಂ ನಿಂಬೆ ಉಪ್ಪು ಬೇಕು. ನಾನು 20 ಗ್ರಾಂ ಹಾಕಿದ್ದು ಸ್ವಲ್ಪ ಮಿಗಲಿ ಅಂತ. ಕಡಿಮೆ ಹಾಕಿದರೆ ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಬಿಳಿ ಗಸಿ ಉಳಿಯುತ್ತದೆ. ಸ್ವಿಚ್ ಹಾಕುವುದಿಲ್ಲ ಅಂದದ್ದೂ ಅದಕ್ಕೇ. ಈ ಗಸಿ ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ. ಕೈ ಇಡಬಹುದಾದಷ್ಟು ಬೆಚ್ಚಗಿದ್ದರೆ ಸಾಕು.

ಡ್ರಿಪ್ ಯಂತ್ರವಾದರೆ ಇದೇ ದ್ರಾವಣವನ್ನು ತೊಟ್ಟಿಗೆ ಹಾಕಿ. ಅರ್ಧ ಹರಿಸಿ, ಆಫ್ ಮಾಡಿ. ಅರ್ಧ ಗಂಟೆ ಬಿಡಿ. ಉಳಿದದ್ದನ್ನು ಹರಿಸಿ. ಆಮೇಲೆ ಎರಡು ತೊಟ್ಟಿ ಬರೀ ನೀರು. ಕಾಫಿ ಪುಡಿ ಹಾಕಿ ಮಾಡಬೇಡಿ, ಫಿಲ್ಟರ್ ಬುಟ್ಟಿ ಖಾಲಿ ಇರಲಿ. ಥರ್ಮೋಬ್ಲಾಕ್, ಅಂದರೆ ನೀರು ಒಳಗೆ ಹರಿಯುತ್ತಲೇ ಕಾಯುವ ಲೋಹದ ತುಂಡು, ಇರುವ ಎಸ್ಪ್ರೆಸೊ ಯಂತ್ರದಲ್ಲಿ ನೀರಿನ ದಾರಿ ತೀರಾ ಕಿರಿದು. ಅಲ್ಲಿ ವರ್ಷ ಬಿಟ್ಟು ಒಮ್ಮೆ ಜೋರಾಗಿ ತೊಳೆಯುವುದು ಅಪಾಯ. ದಪ್ಪ ಕಲ್ಲು ಚಕ್ಕೆಯಾಗಿ ಎದ್ದು ಮುಂದೆ ಎಲ್ಲೋ ಅಡ್ಡ ಕೂರುತ್ತದೆ. ಕಾವೇರಿ ನೀರಾದರೆ ನಾನು ಎರಡು ತಿಂಗಳಿಗೊಮ್ಮೆ ಮಾಡುತ್ತೇನೆ. ಬೋರ್ ನೀರಾದರೆ ಮೂರು ವಾರಕ್ಕೊಮ್ಮೆ. ಯಂತ್ರದ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದನ್ನೇ ಕೇಳಿ. ಅಲ್ಯೂಮಿನಿಯಂ ಭಾಗಗಳಿರುವ ಯಂತ್ರಕ್ಕೆ ಹುಳಿಯನ್ನು ಜಾಸ್ತಿ ಹೊತ್ತು ಬಿಡಬಾರದು.

ಇನ್ನು ಜಿಡ್ಡು. ಇದು ಕಣ್ಣಿಗೆ ಬೇಗ ಕಾಣುವುದಿಲ್ಲ, ಆದ್ದರಿಂದ ಎಲ್ಲರೂ ಮರೆಯುತ್ತಾರೆ.

ಕಾಫಿ ಬೀಜದಲ್ಲಿ ಎಣ್ಣೆ ಇದೆ. ಹುರಿದಾಗ ಹೊರಗೆ ಬರುತ್ತದೆ. ಡಿಕಾಕ್ಷನ್ ಇಳಿಯುವಾಗ ಬುಟ್ಟಿಗೆ, ಜಾಲರಿಗೆ, ಜಾಡಿಗೆ ತೆಳ್ಳಗೆ ಅಂಟುತ್ತದೆ. ಗಾಳಿಗೆ ಸಿಕ್ಕಿ ಎರಡು ಮೂರು ದಿನದಲ್ಲೇ ಹಳೆಯ ಕಡಲೆಕಾಯಿ ಎಣ್ಣೆಯ ಥರ ಕೆಡುತ್ತದೆ. ಮಾರನೆಯ ದಿನದ ಕಾಫಿ ಅದನ್ನು ತೊಳೆದುಕೊಂಡು ಇಳಿಯುತ್ತದೆ. ಗಾಂಧಿ ಬಜಾರಿನಿಂದ ಅವತ್ತೇ ಹುರಿದು ಪುಡಿ ಮಾಡಿಸಿ ತಂದ ಪೀಬರಿ ಇರಲಿ, ಕೊಡಗಿನ ಗೆಳೆಯರು ಕಳಿಸಿದ್ದೇ ಇರಲಿ, ಅದರ ರುಚಿ ಹೀಗೆ ಹಾಳಾಗುತ್ತದೆ. ನಮ್ಮಲ್ಲಿ ಚಿಕೋರಿ ಬೇರೆ ಇದೆ. ಪುಡಿಯಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು ಅಂತ ನಿಯಮ ಇದೆ. ಅಂದರೆ 49ರವರೆಗೆ ಚಿಕೋರಿ ಇರಬಹುದು. ಚಿಕೋರಿ ಬೇರಿನ ಸಿಹಿ ಅಂಶ ಹುರಿದಾಗ ಕ್ಯಾರಮೆಲ್ ಥರ ಆಗುತ್ತದೆ. ಅದು ಡಿಕಾಕ್ಷನ್‌ಗೆ ಮೈ ಕೊಡುತ್ತದೆ, ಜಾಲರಿಯ ಕಣ್ಣಿಗೆ ಅಂಟನ್ನೂ ಕೊಡುತ್ತದೆ. ಚಿಕೋರಿ ಹಾಕುವವರು ಜಾಲರಿಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಣ್ಣು ಮುಚ್ಚಿದ್ದರೆ ಗೊತ್ತಾಗುತ್ತದೆ.

ಇಲ್ಲಿ ಬೂದಿಯ ದಾರಿ. ದಿನವೂ ಪಾತ್ರೆ ಸೋಪು, ಬಿಸಿ ನೀರು ಸಾಕು. ವಾರಕ್ಕೊಮ್ಮೆ ಕ್ಷಾರ. ಅಡುಗೆ ಸೋಡಾ ಸ್ವಲ್ಪ ಮೆತ್ತಗೆ ಕೆಲಸ ಮಾಡುತ್ತದೆ. ಸೋಡಿಯಂ ಪರ್‌ಕಾರ್ಬೊನೇಟ್ ಇದ್ದರೆ ತುಂಬ ಚೆನ್ನಾಗಿ ಮಾಡುತ್ತದೆ. ಅದು ಬಟ್ಟೆಯ ಕಲೆ ತೆಗೆಯುವ ಪುಡಿಗಳಲ್ಲಿ ಇರುತ್ತದೆ, ಆದರೆ ಅವುಗಳಲ್ಲಿ ಸುವಾಸನೆ ಸೇರಿಸಿರುತ್ತಾರೆ. ಏನೂ ಸೇರಿಸದ ಬರೀ ಪರ್‌ಕಾರ್ಬೊನೇಟ್ ತನ್ನಿ. ಲೀಟರ್ ಬಿಸಿ ನೀರಿಗೆ ಒಂದು ಚಮಚ ಹಾಕಿ ಸ್ಟೀಲ್ ಬುಟ್ಟಿ, ಜಾಲರಿಗಳನ್ನು ಇಪ್ಪತ್ತು ನಿಮಿಷ ನೆನೆಸಿ. ಕಂದು ನೀರು ಇಳಿಯುವುದನ್ನು ನೋಡಿದರೆ ಇಷ್ಟು ದಿನ ಕುಡಿದದ್ದು ಏನು ಅಂತ ತಿಳಿಯುತ್ತದೆ. ಡಿಕಾಕ್ಷನ್ ಹಾಕಿಡುವ ಫ್ಲಾಸ್ಕಿಗೂ ಇದನ್ನೇ ಹಾಕಬಹುದು, ಆದರೆ ಮುಚ್ಚಳ ಹಾಕಬೇಡಿ. ಬಿಸಿ ನೀರಿನಲ್ಲಿ ಅದು ಆಮ್ಲಜನಕ ಬಿಡುತ್ತದೆ, ಮುಚ್ಚಿದರೆ ಒತ್ತಡ ಏರಿ ಸಿಡಿಯಬಹುದು. ಅಲ್ಯೂಮಿನಿಯಂ ಪಾತ್ರೆಗೆ ಇದು ಬೇಡ. ಒಲೆಯ ಮೇಲಿಟ್ಟು ಕಾಫಿ ಮಾಡುವ ಇಟಲಿಯ ಮೋಕಾ ಪಾಟ್ 1933ರಿಂದ ಹೆಚ್ಚಾಗಿ ಅಲ್ಯೂಮಿನಿಯಂನದು, ಅದನ್ನು ಕ್ಷಾರ ತಿಂದು ಕಪ್ಪಾಗಿಸುತ್ತದೆ. ಅದಕ್ಕೆ ಬಿಸಿ ನೀರು, ಮೆತ್ತನೆ ಬಟ್ಟೆ, ಅಷ್ಟೇ.

ಎಸ್ಪ್ರೆಸೊ ಯಂತ್ರ ಇರುವವರು ಬ್ಯಾಕ್‌ಫ್ಲಶ್ ಬಗ್ಗೆ ಕೇಳುತ್ತಾರೆ. ಅಂದರೆ ತೂತಿಲ್ಲದ ಬುಟ್ಟಿ ಹಾಕಿ, ಕ್ಷಾರದ ಪುಡಿ ಹಾಕಿ, ನೀರನ್ನು ಹಿಂದಕ್ಕೆ ಒತ್ತುವುದು. ಯಂತ್ರದಲ್ಲಿ ಮೂರು ದಾರಿಯ ಸೊಲೆನಾಯ್ಡ್ ವಾಲ್ವ್ ಇದ್ದರೆ ಮಾತ್ರ ಮಾಡಿ. ಅದಿಲ್ಲದ ಸಣ್ಣ ಯಂತ್ರಗಳಲ್ಲಿ ಒತ್ತಡ ಹೊರಗೆ ಹೋಗುವುದಕ್ಕೆ ದಾರಿಯೇ ಇಲ್ಲ. ಬುಟ್ಟಿ ಬಿಚ್ಚಿದಾಗ ಬಿಸಿ ನೀರು ಮುಖಕ್ಕೆ ಬರುತ್ತದೆ.

ಹಾಲಿನದು ಮೂರನೆಯ ಜಾತಿ. ಸ್ಟೀಮ್ ಕೊಳವೆಯಿಂದ ಹಾಲು ನೊರೆ ಬರಿಸಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಕ್ಷಣ ಆವಿ ಬಿಟ್ಟು ಒಳಗಿನ ಹಾಲನ್ನೂ ಹೊರಗೆ ತಳ್ಳಿ. ಹಾಲಿನ ಪಾತ್ರೆಗೆ ಮೊದಲು ತಣ್ಣೀರು ಹಾಕು ಅಂತ ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಬಿಸಿ ನೀರು ಹಾಕಿದರೆ ಪ್ರೋಟೀನು ಬೆಂದು ಇನ್ನೂ ಗಟ್ಟಿ ಅಂಟುತ್ತದೆ. ಯಂತ್ರಕ್ಕೂ ಅದೇ ಮಾತು.

ಒಬ್ಬ ಯುವಕ ಬಿಯರ್ ಮಾಡುವ ಎಲೆಕ್ಟ್ರಿಕ್ ಪಾತ್ರೆಗಳ ಬಗ್ಗೆ ಕೇಳಿದ. ವಿದೇಶದಲ್ಲಿ ಓದುವಾಗ ಮನೆಯಲ್ಲೇ ಮಾಡುತ್ತಿದ್ದನಂತೆ.

ಅಮೆರಿಕದಲ್ಲಿ 1978ರ ಕಾನೂನಿನ ನಂತರ ಅದಕ್ಕೆ ದಾರಿಯಾಯಿತು. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವ ಹಾಗಿಲ್ಲ. ಆದ್ದರಿಂದ ಇಲ್ಲಿ ಮಾಡಬೇಡ. ಆದರೆ ಅಲ್ಲಿನ ಪಾಠ ನಮಗೂ ಬೇಕು. ಮಾಲ್ಟಿನ ಸಿಹಿ ನೀರು ಕಾಯಿಲ್ ಮೇಲೆ ಸೀದು ಕರಿ ಪೊರೆಯಾಗುತ್ತದೆ. ಅದಕ್ಕೇ ಅವರು ಉದ್ದನೆಯ, ಶಾಖ ಹರಡಿಕೊಳ್ಳುವ ಕಾಯಿಲ್ ಬಳಸುತ್ತಾರೆ. ತೊಳೆಯುವಾಗ ಮೊದಲು ಕ್ಷಾರ ಹಾಕಿ ಸೀದದ್ದು, ಪ್ರೋಟೀನು ಬಿಡಿಸುತ್ತಾರೆ. ಚೆನ್ನಾಗಿ ನೀರು ಹಾಯಿಸುತ್ತಾರೆ. ಆಮೇಲೆ ಹುಳಿ ಹಾಕಿ ಬಿಯರ್ ಕಲ್ಲು ತೆಗೆಯುತ್ತಾರೆ, ಅದು ಕ್ಯಾಲ್ಸಿಯಂ ಆಕ್ಸಲೇಟ್. ಜಿಡ್ಡು ಮೇಲಿದ್ದರೆ ಹುಳಿ ಕಲ್ಲಿಗೆ ತಾಗುವುದೇ ಇಲ್ಲ. ಕಾಫಿ ಯಂತ್ರದಲ್ಲಿ ಎರಡೂ ಕೊಳೆ ಒಂದೇ ಕಡೆ ಇದ್ದರೆ ಇದೇ ಕ್ರಮ ಇರಲಿ. ಎರಡನ್ನೂ ಒಟ್ಟಿಗೆ ಹಾಕಿದರೆ ಬುಸ್ ಅಂತ ನೊರೆ ಬಂದು ಎರಡರ ಶಕ್ತಿಯೂ ಹೋಗುತ್ತದೆ.

ಬ್ಲೀಚ್ ಮಾತ್ರ ಯಾವುದರ ಜೊತೆಗೂ ಬೇಡ. ಹುಳಿಯ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅಡುಗೆಮನೆಯಲ್ಲಿ ಉಸಿರು ಕಟ್ಟುತ್ತದೆ. ಒಂಟಿಯಾಗಿ ಹಾಕಿದರೂ ಸ್ಟೀಲಿನಲ್ಲಿ ಸೂಜಿಮೊನೆಯಂಥ ತೂತು ಬೀಳಿಸುತ್ತದೆ. ಕಬ್ಬಿಣದ ನಾರಿನಿಂದ ಉಜ್ಜುವುದೂ ಬೇಡ.

ಸಣ್ಣ ಸಣ್ಣ ವಿಷಯ ಬೇಗ ಹೇಳಿಬಿಡುತ್ತೇನೆ. ರಾತ್ರಿ ತೊಟ್ಟಿಯಲ್ಲಿ ನೀರು ಬಿಡಬೇಡಿ, ಮುಚ್ಚಳ ತೆರೆದಿಡಿ. ಮಳೆಗಾಲದಲ್ಲಿ ಮುಚ್ಚಿಟ್ಟ ಬುಟ್ಟಿಗೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಯಂತ್ರದ ಬೆಚ್ಚಗಿನ ಹೊಟ್ಟೆಯೊಳಗೆ ಜಿರಲೆ ಗೂಡು ಮಾಡಿದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ. ಸುತ್ತ ಬಿದ್ದ ಪುಡಿ, ಸಕ್ಕರೆ ಒರೆಸಿ. ಕೆಟಲ್ಲಿನ ಬುಡವನ್ನು ನೀರಿನಲ್ಲಿ ಮುಳುಗಿಸಬೇಡಿ. ಮುಚ್ಚಳ ಸರಿಯಾಗಿ ಹಾಕದಿದ್ದರೆ ಕೆಟಲ್ ತಾನಾಗಿ ಆಫ್ ಆಗುವುದಿಲ್ಲ. ಆವಿ ಹಿಡಿಕೆಯ ಹತ್ತಿರದ ಲೋಹದ ಬಿಲ್ಲೆಗೆ ತಾಗಿದರೆ ತಾನೇ ಅದು ಬಾಗಿ ಸ್ವಿಚ್ ಬೀಳಿಸುವುದು? ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. 100 ಆಗಲಿಲ್ಲ ಅಂತ ಯಂತ್ರವನ್ನು ದೂರಬೇಡಿ, ಕಾಫಿಗೆ ಅಷ್ಟು ಸಾಕು. ಗ್ಯಾಸ್ಕೆಟ್, ಥರ್ಮಲ್ ಫ್ಯೂಸ್, ಥರ್ಮೋಸ್ಟ್ಯಾಟ್ ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಸಿಗುತ್ತವೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಅದರ ಮೇಲಿರುವ ಡಿಗ್ರಿ ಮತ್ತು ಆಂಪಿಯರ್ ಅಂಕಿಗಳೇ ಹೊಸದರ ಮೇಲೂ ಇರಬೇಕು. ಫ್ಯೂಸ್ ಹೋಗಿದೆ ಅಂತ ತಂತಿ ಕಟ್ಟಿ ನಡೆಸುವವರಿದ್ದಾರೆ. ದಯವಿಟ್ಟು ಬೇಡ. ಬೆಂಕಿ ಹತ್ತದಂತೆ ತಡೆಯುವ ಕೊನೆಯ ಕಾವಲು ಅದು.

ಈಗ ಆ ಕೆಟಲ್ ತನ್ನಿ. ಮುಕ್ಕಾಲು ಗಂಟೆ ಆಗಿದೆ. ಗುಳ್ಳೆ ನಿಂತಿವೆ. ಬಕೆಟ್ಟಿಗೆ ಬಗ್ಗಿಸುತ್ತೇನೆ. ನೋಡಿ, ತಳ ಕಾಣುತ್ತಿದೆ. ಉಜ್ಜಲೇ ಇಲ್ಲ. ಆದರೆ ಅಂಚಿನ ಕಂದು ಉಂಗುರ ಹಾಗೇ ಇದೆ.

"ಅದರಲ್ಲಿ ಒಂದೊಂದು ಸಲ ಟೀ ಕುದಿಸುತ್ತೇನೆ," ಅಂದರು ಆ ಅಮ್ಮ. ಹಾಗಾದರೆ ಅದು ಹಾಲು, ಟೀ ಸೇರಿ ಹಿಡಿದದ್ದು. ಕೆಟಲ್ಲನ್ನು ಎರಡು ಸಲ ನೀರು ಹಾಕಿ ತೊಳೆದೆವು. ಬಿಸಿ ನೀರು, ಒಂದು ಚಮಚ ಪರ್‌ಕಾರ್ಬೊನೇಟ್ ಹಾಕಿ ಮುಚ್ಚಳ ತೆರೆದಿಟ್ಟೆವು. ಹೊರಗೆ ಕಾಫಿ ಕುಡಿದು ಬರುವಷ್ಟರಲ್ಲಿ ಉಂಗುರ ಮೆತ್ತಗಾಗಿತ್ತು, ಬಟ್ಟೆಯಲ್ಲಿ ಒರೆಸಿದರೆ ಬಂತು. ಮನೆಗೆ ಹೋದ ಮೇಲೆ ಒಂದು ಸಲ ತುಂಬ ನೀರು ಕುದಿಸಿ ಚೆಲ್ಲಿ, ಆಮೇಲೆ ಬಳಸಿ ಅಂತ ಹೇಳಿ ಕೊಟ್ಟೆ.